ನೇತ್ರಾಣಿ ಬೋಟಿನಲ್ಲಿ ಏಣಿ ಹಿಡಿಯುವ ಹುಡುಗನಿಗೆ ಮೊದಲು ಸಿಪಿಆರ್ ಕಲಿಸಿ

ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಯವರಿಗೆ, ಮುರುಡೇಶ್ವರದಲ್ಲಿ ಡೈವಿಂಗ್ ನಡೆಸುವ ಮಾಲೀಕರಿಗೆ, ಮತ್ತು ನನ್ನ ಹಾಗೆ ರಜಾ ಸಿಕ್ಕಿದಾಗೆಲ್ಲ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಹಾರುವ ಎಲ್ಲರಿಗೂ,

ನಮಸ್ಕಾರ.

ವಿಷಯಕ್ಕೆ ನೇರವಾಗಿ ಬರುತ್ತೇನೆ. ನೇತ್ರಾಣಿ ದ್ವೀಪಕ್ಕೆ ಹೋಗುವ ಪ್ರತಿಯೊಂದು ಬೋಟಿನಲ್ಲೂ, ಬೋಟು ನಡೆಸುವ ತಾಂಡೇಲರಿಂದ ಹಿಡಿದು ಏಣಿ ಹಿಡಿಯುವ ಹುಡುಗನವರೆಗೆ, ಎಲ್ಲರಿಗೂ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಉಸಿರು, ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು) ಬರಬೇಕು. ಇನ್‌ಸ್ಟ್ರಕ್ಟರ್ ಒಬ್ಬರಿಗೆ ಬಂದರೆ ಸಾಲದು. ಅದನ್ನು ಕನ್ನಡದಲ್ಲಿ ಕಲಿಸಬೇಕು. ಮಳೆಗಾಲ ಮುಗಿದು ಸೀಸನ್ ಶುರುವಾಗುವ ಮುಂಚೆಯೇ ಕಲಿಸಬೇಕು. ಕಲಿಯದವರ ಬೋಟು ಪ್ರವಾಸಿಗರನ್ನು ಹತ್ತಿಸಬಾರದು. ಇಷ್ಟೇ ಬೇಡಿಕೆ. ಯಾಕೆ ಅಂತ ಹೇಳೋಕೆ ಮಾತ್ರ ಸ್ವಲ್ಪ ಉದ್ದವಾಗುತ್ತದೆ.

ನಾನು ಕುಮಟಾ ಕಡೆಯವನು, ಹೊಟ್ಟೆಪಾಡು ಬೆಂಗಳೂರಿನಲ್ಲಿ. ಡೈವಿಂಗ್ ಕಲಿತೆ, ಹುಚ್ಚು ಹಿಡಿಯಿತು, ಮುಂದೆ ರೆಸ್ಕ್ಯೂ ಡೈವರ್ ಕೋರ್ಸನ್ನೂ ಮಾಡಿದೆ. ಆ ಕೋರ್ಸ್ ಮುಗಿಯಬೇಕಾದರೆ ಕಳೆದ 24 ತಿಂಗಳಲ್ಲಿ ಸಿಪಿಆರ್ ಮತ್ತು ಪ್ರಥಮ ಚಿಕಿತ್ಸೆ ಕಲಿತಿರಲೇಬೇಕು ಅನ್ನುವುದು ಪಾಡಿಯಂಥ ಡೈವಿಂಗ್ ತರಬೇತಿ ಸಂಸ್ಥೆಗಳ ನಿಯಮ. ಆದರೆ ಮೊದಲ ಹಂತದ ಓಪನ್ ವಾಟರ್ ಕೋರ್ಸಿಗೆ ಈ ನಿಯಮ ಇಲ್ಲ. ಅಂದರೆ 18 ಮೀಟರ್ ಆಳಕ್ಕೆ ಹೋಗಲು ಪರವಾನಗಿ ಸಿಕ್ಕ ಮನುಷ್ಯನಿಗೆ, ಪಕ್ಕದ ಗೆಳೆಯನ ಉಸಿರು ನಿಂತರೆ ಏನು ಮಾಡಬೇಕು ಅನ್ನುವುದು ಗೊತ್ತಿಲ್ಲದೇ ಇರಬಹುದು. ಒಂದು ದಿನದ ಮಟ್ಟಿಗೆ ಬಂದು, 12 ಮೀಟರ್ ಒಳಗೆ ಇಳಿದು, ಮೀನಿನ ಜೊತೆ ಫೋಟೋ ತೆಗೆಸಿಕೊಂಡು ಹೋಗುವವರ ಕಥೆ ಬಿಡಿ. ನೇತ್ರಾಣಿಗೆ ಬರುವವರಲ್ಲಿ ಜಾಸ್ತಿ ಜನ ಅವರೇ.

ದೂರದ ಲೆಕ್ಕ ನೋಡಿ. ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ಬೋಟಿನಲ್ಲಿ ಒಂದು ಗಂಟೆಯಿಂದ ಒಂದೂವರೆ ಗಂಟೆ, ಅಲೆ ಇದ್ದರೆ ಇನ್ನೂ ತಡ. ದಡ ಮುಟ್ಟಿದ ಮೇಲೆ ದೊಡ್ಡ ಆಸ್ಪತ್ರೆ ಅಂದರೆ ಮಣಿಪಾಲ, ಅದು ಹತ್ತಿರ ಹತ್ತಿರ ನೂರು ಕಿಲೋಮೀಟರ್. ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ ಅನ್ನುವುದು ನಿಮಗೆ ಗೊತ್ತಿರುವ ವಿಷಯ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಉರುಳಿಬಿದ್ದ ಮೇಲೆ ಆ ಕೂಗು ಇಡೀ ರಾಜ್ಯಕ್ಕೆ ಕೇಳಿತು. ಆಸ್ಪತ್ರೆ ಬರಲಿ, ಬೇಗ ಬರಲಿ. ಆದರೆ ಉಸಿರು ನಿಂತ ಮನುಷ್ಯನ ಮಿದುಳಿಗೆ ಆಮ್ಲಜನಕ ಇಲ್ಲದೆ ನಾಲ್ಕರಿಂದ ಆರು ನಿಮಿಷದೊಳಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಮುರುಡೇಶ್ವರದಲ್ಲೇ ದೊಡ್ಡ ಆಸ್ಪತ್ರೆ ಕಟ್ಟಿದರೂ ಆ ಆರು ನಿಮಿಷಕ್ಕೆ ನೇತ್ರಾಣಿಯಿಂದ ಅದು ದೂರವೇ. ಅಷ್ಟು ಹೊತ್ತು ಡಾಕ್ಟರೂ ಬೋಟಿನವರೇ, ನರ್ಸೂ ಬೋಟಿನವರೇ.

"ಇನ್‌ಸ್ಟ್ರಕ್ಟರ್ ಇರ್ತಾರಲ್ಲ, ಅವರಿಗೆ ಎಲ್ಲಾ ಗೊತ್ತಿರುತ್ತೆ" ಅನ್ನುತ್ತೀರಿ. ಗೊತ್ತಿರುತ್ತದೆ, ನಿಜ. ಅವರು ಎಲ್ಲಿರುತ್ತಾರೆ? ನೀರೊಳಗೆ. ಒಬ್ಬ ಪ್ರವಾಸಿಯನ್ನು ಮೇಲೆ ತಂದು ಬಿಟ್ಟು ಇನ್ನೊಬ್ಬರನ್ನು ಕರೆದುಕೊಂಡು ಮತ್ತೆ ಕೆಳಗೆ ಹೋಗಿರುತ್ತಾರೆ. ಬೋಟಿನ ಮೇಲೆ ಉಳಿಯುವುದು ತಾಂಡೇಲರು, ಇಬ್ಬರು ಮೂವರು ಹುಡುಗರು, ವಾಂತಿ ಮಾಡಿಕೊಂಡು ಮೂಲೆಯಲ್ಲಿ ಮಲಗಿರುವ ನಾಲ್ಕಾರು ಜನ. ಲೈಫ್ ಜಾಕೆಟ್ ಹಾಕಿಕೊಂಡು ಬೋಟಿನ ಪಕ್ಕ ತೇಲುತ್ತಿರುವ ಸ್ನಾರ್ಕ್ಲಿಂಗ್‌ನವರನ್ನು ನೋಡಿಕೊಳ್ಳುವುದೂ ಅವೇ ಹುಡುಗರು. ಇನ್ನು, ಅಪಾಯಕ್ಕೆ ಸಿಕ್ಕವರು ಇನ್‌ಸ್ಟ್ರಕ್ಟರೇ ಆಗಿದ್ದರೆ? ದಿನಕ್ಕೆ ಹಲವು ಸಲ ಇಳಿದು ಹತ್ತುವವರು ಅವರೇ ತಾನೆ. ಅವರನ್ನು ಉಳಿಸೋರು ಯಾರು?

ನಾನು ಕಣ್ಣಾರೆ ಕಂಡದ್ದು ಒಂದು ಹೇಳುತ್ತೇನೆ. ಯಾವ ಬೋಟು, ಯಾರದು ಅನ್ನುವುದು ಬೇಡ. ನಲವತ್ತು ದಾಟಿದ ಒಬ್ಬರು ಮೇಲೆ ಬಂದರು. ಮುಖ ಬಿಳಚಿಕೊಂಡಿತ್ತು, ತುಟಿ ನೀಲಿ, ಕೆಮ್ಮಿದರೆ ನಸುಗೆಂಪು ನೊರೆ. ಪ್ರಜ್ಞೆ ಇತ್ತು, ಪುಣ್ಯ. ಬೋಟಿನಲ್ಲಿ ಹಸಿರು ಬಣ್ಣದ ಆಕ್ಸಿಜನ್ ಪೆಟ್ಟಿಗೆ ಇತ್ತು. ಅದರ ಮೇಲೆ ಟವೆಲ್ಲು, ಚಪ್ಪಲಿ, ಯಾರದೋ ಬಿಸ್ಕೆಟ್ ಪ್ಯಾಕೆಟ್ಟು. ಎಲ್ಲಾ ಸರಿಸಿ ತೆಗೆದರೆ ಸಿಲಿಂಡರ್ ತುಂಬಾ ಇದೆ, ಅದನ್ನು ತಿರುಗಿಸುವ ಕೀಲಿ ಇಲ್ಲ! ಕೀಲಿ ಎಲ್ಲಿ ಅಂತ ಗೊತ್ತಿದ್ದವರು ನೀರೊಳಗೆ. ಇಂಜಿನ್ ಹತ್ತಿರದ ಸ್ಪಾನರ್ ತಂದು ಒಬ್ಬ ಹುಡುಗ ಹೇಗೋ ತಿರುಗಿಸಿದ. ಮಾಸ್ಕಿನ ಪೈಪು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು, ಬಿರುಕನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡು ದಡದವರೆಗೆ ಬಂದೆವು. ಅವರು ಉಳಿದುಕೊಂಡರು. ಆ ಹುಡುಗನಿಗೆ ಧೈರ್ಯವೂ ಇತ್ತು, ಬುದ್ಧಿಯೂ ಇತ್ತು. ಯಾರೂ ಕಲಿಸಿರಲಿಲ್ಲ, ಅಷ್ಟೇ.

ಅದಕ್ಕೇ ಹೇಳುತ್ತಿರುವುದು, ಇವರಿಗೆ ಮೊದಲು ಕಲಿಸಿ ಅಂತ. ಮೀನುಗಾರರ ಮನೆಯಲ್ಲಿ ಹುಟ್ಟಿದ ಮಕ್ಕಳು. ಅಲುಗಾಡುವ ಬೋಟಿನಲ್ಲಿ ನಮ್ಮ ಹಾಗೆ ಎಡವುವುದಿಲ್ಲ. ನೀರಿಗೆ ಬಿದ್ದವರನ್ನು ಎಳೆಯುವುದು ಹೇಗೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಪ್ರಜ್ಞೆ ಇಲ್ಲದ, ವೆಟ್‌ಸೂಟ್ ಹಾಕಿದ, ಎಂಬತ್ತು ಕಿಲೋ ತೂಕದ ಮನುಷ್ಯನನ್ನು ಎತ್ತರದ ಬೋಟಿಗೆ ಹತ್ತಿಸುವುದೇ ಇಡೀ ರಕ್ಷಣೆಯಲ್ಲಿ ಕಷ್ಟದ ಭಾಗ. ಮುಳುಗಲು ಕಟ್ಟಿಕೊಂಡ ಭಾರದ ವೇಟ್ ಬೆಲ್ಟ್ ಬಿಚ್ಚಿ ಬಿಸಾಡಬೇಕು, ಜಾಕೆಟ್ಟು ಸಿಲಿಂಡರು ಕಳಚಬೇಕು, ಆಮೇಲೆ ಎತ್ತಬೇಕು. ಬಲೆಯನ್ನೋ ಟಾರ್ಪಾಲನ್ನೋ ನೀರಿಗೆ ಇಳಿಬಿಟ್ಟು, ಅದರ ಒಂದು ಅಂಚನ್ನು ಬೋಟಿಗೆ ಕಟ್ಟಿ, ಮನುಷ್ಯನನ್ನು ಅದರೊಳಗೆ ಸೇರಿಸಿ, ಇನ್ನೊಂದು ಅಂಚು ಹಿಡಿದೆಳೆದರೆ ಅವನು ಉರುಳಿಕೊಂಡು ಮೇಲೆ ಬರುತ್ತಾನೆ. ರಕ್ಷಣಾ ತರಬೇತಿಗಳಲ್ಲಿ ಇದನ್ನು ದೊಡ್ಡ ತಂತ್ರ ಅಂತ ಹೇಳಿಕೊಡುತ್ತಾರೆ. ದಿನವೂ ಬಲೆ ಎಳೆಯುವವರಿಗೆ ಒಂದು ಸಲ ತೋರಿಸಿದರೆ ಸಾಕು, ಎರಡನೇ ಸಲಕ್ಕೆ ನಮಗೇ ಪಾಠ ಹೇಳುತ್ತಾರೆ.

ಈಗ ಮುಖ್ಯ ವಿಷಯ. ಸಿಪಿಆರ್ ಕಲಿಸುತ್ತೇವೆ ಅಂತ ಹೊರಟವರು ಯಾವ ಸಿಪಿಆರ್ ಕಲಿಸುತ್ತಾರೆ ಅನ್ನುವುದನ್ನು ದಯವಿಟ್ಟು ಗಮನಿಸಿ. ಆಫೀಸು, ಕಾಲೇಜು, ಅಪಾರ್ಟ್‌ಮೆಂಟುಗಳಲ್ಲಿ ಇತ್ತೀಚೆಗೆ ನಡೆಯುವ ಅರ್ಧ ಗಂಟೆಯ ಶಿಬಿರಗಳಲ್ಲಿ ಬಹಳ ಕಡೆ ಹೇಳಿಕೊಡುವುದು ಎದೆ ಒತ್ತುವುದನ್ನು ಮಾತ್ರ. ಬಾಯಿಗೆ ಬಾಯಿ ಇಡಬೇಕಿಲ್ಲ, ಸುಮ್ನೆ ಒತ್ತುತ್ತಾ ಇರಿ ಅನ್ನುತ್ತಾರೆ. ರಸ್ತೆಯಲ್ಲಿ ಹೃದಯ ನಿಂತು ತಟ್ಟನೆ ಕುಸಿದವರಿಗೆ ಅದು ಸರಿ, ಯಾಕೆಂದರೆ ಅವರ ರಕ್ತದಲ್ಲಿ ಇನ್ನೂ ಕೆಲವು ನಿಮಿಷಕ್ಕೆ ಸಾಕಾಗುವಷ್ಟು ಆಮ್ಲಜನಕ ಇರುತ್ತದೆ, ಅದನ್ನು ತಿರುಗಿಸಿದರೆ ಸಾಕು. ನೀರಲ್ಲಿ ಮುಳುಗಿದವರದು ಉಲ್ಟಾ. ಮೊದಲು ಉಸಿರು ನಿಲ್ಲುತ್ತದೆ, ರಕ್ತದ ಆಮ್ಲಜನಕ ಖಾಲಿಯಾಗುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ. ಖಾಲಿ ರಕ್ತವನ್ನು ಎಷ್ಟು ತಿರುಗಿಸಿದರೆ ಏನು ಬಂತು? ಅದಕ್ಕೇ ಇಲ್ಲಿ ಉಸಿರು ಮೊದಲು. ಯುರೋಪಿನ ಮಾರ್ಗಸೂಚಿ ಮೊದಲು 5 ಸಲ ಉಸಿರು ಕೊಡಿ ಅನ್ನುತ್ತದೆ, ಅಮೆರಿಕದ್ದು 2 ಅನ್ನುತ್ತದೆ. ಆ ವ್ಯತ್ಯಾಸದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಉಸಿರಿನಿಂದ ಶುರುಮಾಡಬೇಕು ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಆಮೇಲೆ 30 ಸಲ ಎದೆ ಒತ್ತು, 2 ಉಸಿರು, ಮತ್ತೆ 30, ಮತ್ತೆ 2. ಒತ್ತುವ ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಉಸಿರು ಕೊಡಲು ಆಗುವುದೇ ಇಲ್ಲ ಅನ್ನುವ ಪರಿಸ್ಥಿತಿ ಇದ್ದರೆ ಬರೀ ಒತ್ತುವುದಾದರೂ ಮಾಡಬೇಕು, ಏನೂ ಮಾಡದೆ ಕೂರುವುದಕ್ಕಿಂತ ಅದೇ ವಾಸಿ.

ಈ ಅಂಕಿಗಳನ್ನು ಗೋಡೆಗೆ ಬರೆದು ಹಾಕಿದರೆ ಕಲಿತಂತೆ ಆಗಲ್ಲ. ಕೈಗೆ ಬರಬೇಕು. ತರಬೇತಿ ಬೊಂಬೆಯ ಎದೆ ಮೇಲೆ ಮೊದಲ ಸಲ ಕೈ ಇಟ್ಟವರೆಲ್ಲ ಹೆದರಿ ಮೆಲ್ಲಗೆ ಒತ್ತುತ್ತಾರೆ. ಐದು ಸೆಂಟಿಮೀಟರ್ ಅಂದರೆ ಎಷ್ಟು ಆಳ ಅನ್ನುವುದು ಬೊಂಬೆಯೊಳಗಿಂದ 'ಟಕ್' ಅಂತ ಸದ್ದು ಬಂದಾಗಲೇ ತಿಳಿಯುವುದು. ಮೊಣಕೈ ಮಡಚಿದರೆ ಒಂದು ನಿಮಿಷಕ್ಕೆ ತೋಳು ಸೋಲುತ್ತದೆ. ಕೈ ನೆಟ್ಟಗಿಟ್ಟು, ಭುಜ ಎದೆಯ ಮೇಲಕ್ಕೆ ತಂದು, ಮೈಭಾರ ಬಿಡಬೇಕು. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಬೋಟಿನಲ್ಲಿ ಇನ್ನೂ ಒಂದು ತಾಪತ್ರಯ: ಹಲಗೆ ಒದ್ದೆ, ಮೇಲಾಗಿ ಬೋಟು ಆ ಕಡೆ ಈ ಕಡೆ ವಾಲುತ್ತದೆ, ಮಂಡಿ ಜಾರುತ್ತದೆ. ಮಂಡಿ ಅಗಲಿಸಿ ಕೂತು, ಹಿಂದಿನಿಂದ ಇನ್ನೊಬ್ಬ ಸೊಂಟ ಹಿಡಿದುಕೊಂಡರೆ ಮಾತ್ರ ಲಯ ಸಿಗುವುದು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಇಲ್ಲಾಂದರೆ ಸುಸ್ತಾದದ್ದು ನಮಗೇ ಗೊತ್ತಾಗದೆ ಆಳ ಕಡಿಮೆಯಾಗುತ್ತಾ ಹೋಗುತ್ತದೆ. ಒಂದು ಗಂಟೆಯ ದಾರಿಗೆ ಲೆಕ್ಕ ಹಾಕಿ, ಎಷ್ಟು ಜನ ಬೇಕು ಅಂತ. ಎಲ್ಲರಿಗೂ ಬರಬೇಕು ಅಂತ ನಾನು ಹಟ ಹಿಡಿದಿರುವುದು ಇದಕ್ಕೇ. ಹಾಂ, ಎಣಿಸುವುದು ಕೂಡ. ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸಿ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಅಂತ ಉದ್ದಕ್ಕೆ ಹೇಳುತ್ತಾ ಹೋದರೆ ಕೈಯೂ ನಿಧಾನ ಆಗುತ್ತದೆ.

ಬಾಯಿಯಿಂದ ನೊರೆ ಬರುತ್ತಲೇ ಇರುತ್ತದೆ. ಅದನ್ನು ಒರೆಸುತ್ತಾ ಹೊತ್ತು ಕಳೆಯಬಾರದು, ನೊರೆ ಇದ್ದ ಹಾಗೇ ಉಸಿರು ಕೊಡಬೇಕು. ವಾಂತಿ ಬಂದರೆ ಮಾತ್ರ ಪಕ್ಕಕ್ಕೆ ಹೊರಳಿಸಿ ಬಾಯಿ ಬಳಿದು ಮತ್ತೆ ಶುರು. ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡವೇ ಬೇಡ. ಒಳಗಿರುವ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ, ಹೋದ ಸಮಯವಂತೂ ವಾಪಸ್ ಬರಲ್ಲ. ಕಾಲು ಹಿಡಿದು ತಲೆಕೆಳಗು ಮಾಡುವುದೂ ಹಾಗೆಯೇ. ನಮ್ಮ ಕಡೆ ಇದನ್ನೆಲ್ಲ ಇನ್ನೂ ಮಾಡುತ್ತಾರೆ, ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಬದುಕುತ್ತಾರೆ ಅನ್ನುವ ವಾಟ್ಸಾಪ್ ಸುದ್ದಿ ನಂಬಿ, ಬಳ್ಳಾರಿ ಕಡೆ, ಹಾವೇರಿ ಕಡೆ ಹೆತ್ತವರು ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದು ಕೂತದ್ದು ನಮ್ಮ ರಾಜ್ಯದಲ್ಲೇ, ಈಚಿನ ವರ್ಷಗಳಲ್ಲೇ. ಆ ತಂದೆತಾಯಿಯನ್ನು ನೋಡಿ ನಗುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಸರಿಯಾದದ್ದನ್ನು ಅವರಿಗೆ ಕನ್ನಡದಲ್ಲಿ ಮುಂಚೆಯೇ ಯಾರು ಹೇಳಿಕೊಟ್ಟಿದ್ದರು? ಉಪ್ಪಿನ ಸುದ್ದಿ ಮಾತ್ರ ಅಚ್ಚಗನ್ನಡದಲ್ಲಿ ಮನೆ ಮನೆಗೆ ತಲುಪಿತ್ತು.

ಡೈವಿಂಗ್‌ಗೇ ಸೇರಿದ ಕೆಲವು ಸಂಗತಿಗಳು ಬೇರೆ ಇವೆ. ಇದನ್ನು ಮಾಮೂಲಿ ಪ್ರಥಮ ಚಿಕಿತ್ಸೆ ಶಿಬಿರದಲ್ಲಿ ಯಾರೂ ಹೇಳುವುದಿಲ್ಲ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಸಿಲಿಂಡರಿನ ಗಾಳಿ ಎಳೆದುಕೊಂಡು, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ, ಶ್ವಾಸಕೋಶದ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ. ಜಾಗ ಎಲ್ಲಿದೆ? ಒಳಗೆ ಹರಿದು, ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಆಳ ಬೇಕೆಂದೇನೂ ಇಲ್ಲ, ಒಂದೂಕಾಲು ಮೀಟರ್ ನೀರು ಸಾಕು. ಮೇಲೆ ಬಂದ ಹತ್ತು ನಿಮಿಷದೊಳಗೆ ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ, ಪ್ರಜ್ಞೆ ತಪ್ಪಿದರೆ ಅದನ್ನು 'ಬಿಸಿಲು ಹೊಡೆದಿದೆ' ಅಂತ ನಿಂಬೆ ಶರಬತ್ತು ಕುಡಿಸಿ ಕೂರಿಸಬಾರದು. ಅಂಗಾತ ಮಲಗಿಸಿ ಆಮ್ಲಜನಕ ಕೊಡಬೇಕು. ಪ್ರಜ್ಞೆ ಇಲ್ಲದೆ ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಗ್ಗುಲಾಗಿಸಬೇಕು. ಉಸಿರಾಟ ಅಂದರೆ ಸರಿಯಾದ ಉಸಿರಾಟ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುವುದು ಉಸಿರಾಟ ಅಲ್ಲ, ಅದಕ್ಕೆ ಸಿಪಿಆರೇ ಬೇಕು.

ಡಿಕಂಪ್ರೆಷನ್ ಕಾಯಿಲೆ, ಅಂದರೆ ಆಳದಲ್ಲಿ ಮೈಗೆ ಸೇರಿದ ನೈಟ್ರೋಜನ್ ಮೇಲೆ ಬಂದಾಗ ಗುಳ್ಳೆಯಾಗಿ ಕಾಡುವುದು, ಸಾಮಾನ್ಯವಾಗಿ ಇಷ್ಟು ಜೋರಾಗಿ ಬರಲ್ಲ. ಭುಜದಲ್ಲೋ ಮಂಡಿಯಲ್ಲೋ ನೋವು, ಜುಮ್ಮೆನ್ನುವುದು, ಮೈಮೇಲೆ ದದ್ದು, ವಿಪರೀತ ಸುಸ್ತು. ಎಷ್ಟೋ ಸಲ ದಡಕ್ಕೆ ಬಂದು ಊಟ ಮಾಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಸಿಲಿಂಡರ್ ಹೊತ್ತದ್ದಕ್ಕೆ ಭುಜ ನೋಯ್ತಿದೆ ಅಂದುಕೊಂಡು ಮಾತ್ರೆ ನುಂಗಿ ಬಸ್ ಹತ್ತುತ್ತಾರೆ. ಇಲ್ಲಿ ನಮ್ಮ ಭೂಗೋಳವೇ ಅಡ್ಡ ಬರುತ್ತದೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತುವ ಮುಂಚೆ, ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಇದ್ದರೆ 18 ಗಂಟೆ ಕಾಯಬೇಕು ಅಂತ ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ. ಇದು ಗೊತ್ತಿರುವವರು ಕೂಡ ಘಾಟಿಯನ್ನು ಮರೆಯುತ್ತಾರೆ. ಮಧ್ಯಾಹ್ನ ಎರಡು ಡೈವ್ ಮುಗಿಸಿ, ಸಂಜೆ ಜೋಗ ನೋಡಿಕೊಂಡು, ರಾತ್ರಿ ಬೆಂಗಳೂರಿಗೆ ಹೊರಟುಬಿಡುತ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಮೈಯಲ್ಲಿ ಉಳಿದ ನೈಟ್ರೋಜನ್‌ಗೆ ವಿಮಾನದಲ್ಲಿ ಏರಿದೆಯೋ ಬಸ್ಸಿನಲ್ಲಿ ಏರಿದೆಯೋ ಗೊತ್ತಾಗಲ್ಲ. ಡೈವರ್ ಮಿತ್ರರೇ, ಇದು ನಿಮಗೆ: ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ, ಮೀನೂಟ ಮಾಡಿ, ಮಲಗಿ. ಸೋಮವಾರದ ಮೀಟಿಂಗ್ ಎಲ್ಲೂ ಓಡಿಹೋಗಲ್ಲ.

ಆಮ್ಲಜನಕದ ಬಗ್ಗೆ ಇನ್ನೂ ಎರಡು ಮಾತು. ಡೈವರ್ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರುವುದು ಸಾಮಾನ್ಯವಾಗಿ ಮಾಮೂಲಿ ಗಾಳಿ, ನಾವೆಲ್ಲ ಉಸಿರಾಡುವುದೇ, ಅದರಲ್ಲಿ ಆಮ್ಲಜನಕ 21% ಮಾತ್ರ. ಬೋಟಿನಲ್ಲಿ ಇಪ್ಪತ್ತು ಸಿಲಿಂಡರ್ ಇದೆಯಲ್ಲ ಅಂತ ಸಮಾಧಾನ ಪಡಬೇಡಿ. ಡೈವಿಂಗ್ ಅಪಘಾತಕ್ಕೆ ಬೇಕಾದದ್ದು 100% ವೈದ್ಯಕೀಯ ಆಮ್ಲಜನಕ. ಕೋವಿಡ್ ಕಾಲದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಬಿ ಟೈಪ್ ಸಿಲಿಂಡರ್ ನೆನಪಿದೆ ಅಲ್ವಾ? ಅದರಲ್ಲಿ 1.5 ಘನ ಮೀಟರ್, ಅಂದರೆ 1500 ಲೀಟರ್. ನಿಮಿಷಕ್ಕೆ 15 ಲೀಟರಿನಂತೆ ಚೀಲ ಇರುವ ಮಾಸ್ಕಿನಲ್ಲಿ ಕೊಟ್ಟರೆ 100 ನಿಮಿಷ. ನೇತ್ರಾಣಿಯಿಂದ ದಡಕ್ಕೆ ಒಬ್ಬ ಮನುಷ್ಯನಿಗೆ ಸರಿಯಾಗಿ ಸಾಕು, ಅದೂ ತುಂಬಿದ್ದರೆ. ಕೈಯಲ್ಲಿ ಎತ್ತಿಕೊಂಡು ಓಡಾಡುವ ಪುಟ್ಟ ಸಿಲಿಂಡರ್ ಇಟ್ಟುಕೊಂಡ ಬೋಟಿನವರು ಅರ್ಧ ದಾರಿಗೇ ಕೈಚೆಲ್ಲಬೇಕಾಗುತ್ತದೆ. ಆದ್ದರಿಂದ ಅಧಿಕಾರಿಗಳು ತಪಾಸಣೆಗೆ ಬಂದಾಗ 'ಆಕ್ಸಿಜನ್ ಇದೆ' ಅಂತ ಟಿಕ್ ಹಾಕಿ ಹೋಗಬೇಡಿ. ಪೆಟ್ಟಿಗೆ ತೆರೆಸಿ, ಕೀಲಿ ಕೇಳಿ, ಮೀಟರ್ ನೋಡಿ, ಏಣಿ ಹಿಡಿಯುವ ಹುಡುಗನನ್ನೇ ಕರೆದು ಜೋಡಿಸಿ ತೋರಿಸು ಅನ್ನಿ. ಎರಡು ನಿಮಿಷದ ಕೆಲಸ. ಎಷ್ಟು ಬೋಟು ಪಾಸಾಗುತ್ತವೆ ನೋಡೋಣ.

ಕಲಿಯುವುದಕ್ಕೆ ಹುಡುಗರಿಗೆ ಮನಸ್ಸಿಲ್ಲ ಅಂದುಕೊಳ್ಳಬೇಡಿ. ಅವರ ಹತ್ತಿರ ಕೂತು ಮಾತಾಡಿದ್ದೇನೆ. ಅವರಿಗೆ ಮೂರು ಹೆದರಿಕೆ ಇದೆ. ಒಂದು, ಕೋರ್ಸು ಇಂಗ್ಲಿಷಿನಲ್ಲಿ, ಫೀಸು ಸಾವಿರಗಟ್ಟಲೆ. ಎರಡನೆಯದು ಪೊಲೀಸ್ ಕೇಸು. ನಾನು ಎದೆ ಒತ್ತಿ ಪಕ್ಕೆಲುಬು ಮುರಿದರೆ, ಆ ಮನುಷ್ಯ ಸತ್ತರೆ, ನನ್ನನ್ನು ಹಿಡಿದು ಹಾಕಿದರೆ? ಪಕ್ಕೆಲುಬು ಮುರಿಯಬಹುದು, ಅದು ಸಿಪಿಆರ್‌ನಲ್ಲಿ ಇದ್ದದ್ದೇ, ಬದುಕಿದವರ ಪಕ್ಕೆಲುಬು ಕೂಡಿಕೊಳ್ಳುತ್ತದೆ. ಆದರೆ ಕಾನೂನಿನ ಮಾತು ನೀವು ಹೇಳಬೇಕು. ನೆರವಿಗೆ ಬಂದವರನ್ನು ರಕ್ಷಿಸುವ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ರಸ್ತೆ ಅಪಘಾತಕ್ಕೆ ಸೇರಿದ್ದು. ಬೋಟಿನಲ್ಲಿ, ಕಡಲತೀರದಲ್ಲಿ ನೆರವಾದವರಿಗೆ ತೊಂದರೆ ಕೊಡುವುದಿಲ್ಲ ಅಂತ ಜಿಲ್ಲಾಡಳಿತ ಒಂದು ಸ್ಪಷ್ಟ ಆದೇಶ ಹೊರಡಿಸಿ, ಮುರುಡೇಶ್ವರ ಠಾಣೆಗೂ ಕರಾವಳಿ ಕಾವಲು ಪೊಲೀಸರಿಗೂ ಕಳುಹಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ. ಮೂರನೆಯದನ್ನು ಅವರು ತಲೆ ತಗ್ಗಿಸಿಕೊಂಡು ಹೇಳಿದರು. ಹೆಂಗಸರಾದರೆ ಹೇಗೆ ಸರ್? ಎದೆ ಮುಟ್ಟಬೇಕು, ವೆಟ್‌ಸೂಟಿನ ಜಿಪ್ಪು ಬಿಚ್ಚಬೇಕು, ಬಾಯಿಗೆ ಬಾಯಿ ಕೊಡಬೇಕು, ಯಾರಾದರೂ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕಿದರೆ ನಮ್ಮ ಗತಿ ಏನು? ಈ ಪ್ರಶ್ನೆಯನ್ನು ನಾವು ಎಲ್ಲೂ ಬಾಯಿಬಿಟ್ಟು ಮಾತಾಡುವುದಿಲ್ಲ. ಮಾತಾಡಬೇಕು. ತರಬೇತಿ ಪಡೆದವರಿಗೆ ಇಲಾಖೆಯ ಮುದ್ರೆ ಇರುವ ಕಾರ್ಡು ಕೊಡಿ. ಬೋಟು ಹೊರಡುವ ಮುಂಚೆ ಲೈಫ್ ಜಾಕೆಟ್ ಹಾಕುವುದು ಹೇಗೆ ಅಂತ ಹೇಳುವಾಗಲೇ, 'ಅಗತ್ಯ ಬಿದ್ದರೆ ಇವರು ನಿಮಗೆ ಸಿಪಿಆರ್ ಕೊಡುತ್ತಾರೆ, ಗಂಡಸು ಹೆಂಗಸು ಅನ್ನದೆ' ಅಂತ ಎಲ್ಲರಿಗೂ ಹೇಳಿಬಿಡಲಿ. ಬಾಯಿಗೆ ಬಾಯಿ ಇಡಲು ಸಂಕೋಚ ಆಗುವವರಿಗೆ ಪಾಕೆಟ್ ಮಾಸ್ಕ್ ಇದೆ, ತುಂಬಾ ದುಬಾರಿಯೇನಲ್ಲ. ಒಂದು ಬೋಟಿಗೆ ಎರಡು ಇರಲಿ.

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ಇದೇ ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಹೋದರು. ಅದು ಡೈವಿಂಗ್ ಅಲ್ಲ, ದಡದ ಅಲೆ. ಆಮೇಲೆ ಕಡಲತೀರ ಮುಚ್ಚಿದಿರಿ. ಹಗ್ಗ, ಬಾವುಟ, ಲೈಫ್‌ಗಾರ್ಡ್ ಎಲ್ಲವೂ ಬೇಕು, ಒಪ್ಪುತ್ತೇನೆ. ಆದರೆ ದಡದಲ್ಲಿ ಕಡಲೆ ಮಾರುವವರಿಗೆ, ಫೋಟೋ ತೆಗೆಯುವವರಿಗೆ, ಬನಾನಾ ಬೋಟ್ ಓಡಿಸುವವರಿಗೆ, ಶಾಲಾ ಮಕ್ಕಳನ್ನು ಕರೆತರುವ ಮೇಷ್ಟ್ರಿಗೆ ಕೂಡ ಇದೇ ವಿದ್ಯೆ ಬೇಕಲ್ವಾ? ಡೈವಿಂಗ್ ಬೋಟಿನವರಿಂದ ಶುರುಮಾಡಿ ಅನ್ನುವುದು ಅವರ ಸಂಖ್ಯೆ ಕಡಿಮೆ, ಒಂದೆರಡು ದಿನದಲ್ಲಿ ಎಲ್ಲರಿಗೂ ಮುಗಿಸಬಹುದು ಅನ್ನುವ ಕಾರಣಕ್ಕೆ. ಅವರು ಕಲಿತರೆ ದಡದವರಿಗೆ ಅವರೇ ಕಲಿಸುತ್ತಾರೆ.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಜನ ಸೇರುವ ಜಾಗಗಳಲ್ಲಿ ಎಇಡಿ ಯಂತ್ರ (ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಇಡುತ್ತೇವೆ ಅಂತ ಸರ್ಕಾರ ಹೇಳಿದೆ. ಮುರುಡೇಶ್ವರಕ್ಕಿಂತ ಜನ ಸೇರುವ ಜಾಗ ನಮ್ಮ ಜಿಲ್ಲೆಯಲ್ಲಿ ಇನ್ನೆಲ್ಲಿದೆ? ಬೋಟು ಹತ್ತುವ ಜಾಗದಲ್ಲಿ ಒಂದು ಇಡಿ. ಮುಳುಗಿದವರಿಗೆ ಉಸಿರೇ ಮುಖ್ಯ, ಯಂತ್ರ ಆಮೇಲೆ. ಆದರೆ ಡೈವಿಂಗ್ ಸಾವುಗಳಲ್ಲಿ ಹೃದಯದ ತೊಂದರೆಯ ಪಾಲು ದೊಡ್ಡದು, ಅದರಲ್ಲೂ ವಯಸ್ಸಾದವರಲ್ಲಿ. ಒದ್ದೆ ಎದೆಯನ್ನು ಟವೆಲ್ಲಿನಲ್ಲಿ ಒರೆಸಿ ಪ್ಯಾಡ್ ಅಂಟಿಸಿದರೆ ಯಂತ್ರವೇ ಮುಂದಿನದನ್ನು ಹೇಳುತ್ತದೆ. ಇದೇ ಕಾರಣಕ್ಕೆ ಡೈವಿಂಗ್ ಮುಂಚೆ ಸಹಿ ಹಾಕಿಸಿಕೊಳ್ಳುವ ಆರೋಗ್ಯದ ಫಾರ್ಮು ಕನ್ನಡದಲ್ಲೂ ಇರಬೇಕು. ಈಗ ಇಂಗ್ಲಿಷಿನ ಹಾಳೆ ಕೊಡುತ್ತಾರೆ, ಜನ ಓದದೆ ಗೀಚುತ್ತಾರೆ. ಎದೆನೋವು ಇದೆಯಾ, ಅಸ್ತಮಾ ಇದೆಯಾ, ಬಿಪಿ ಮಾತ್ರೆ ತಗೊಳ್ತೀರಾ ಅಂತ ಬಾಯಿಬಿಟ್ಟು ಕೇಳಿದರೆ ಎಷ್ಟೋ ಜನ ಹೇಳುತ್ತಾರೆ. ರಾತ್ರಿ ಎಷ್ಟು ಕುಡಿದಿದ್ದೀರಿ ಅಂತಲೂ ಕೇಳಬೇಕು. ಅದಕ್ಕೆ ಮಾತ್ರ ನಿಜ ಹೇಳಲ್ಲ, ಮುಖ ನೋಡಿದರೆ ತಿಳಿಯುತ್ತದೆ.

ಸುದ್ದಿ ಮುಟ್ಟಿಸುವ ದಾರಿಯೂ ಗಟ್ಟಿಯಾಗಬೇಕು. ಅಷ್ಟು ದೂರದಲ್ಲಿ ಮೊಬೈಲ್ ಸಿಗ್ನಲ್ ನಂಬಿಕೊಂಡು ಕೂರಲು ಆಗಲ್ಲ. ವಿಎಚ್‌ಎಫ್ ರೇಡಿಯೋ ಇರಲಿ, ಅಪಾಯದ ಕರೆಗೆ ಇರುವ 16ನೇ ಚಾನೆಲ್ ಹೇಗೆ ಬಳಸಬೇಕು ಅಂತ ತಾಂಡೇಲರಿಗೆ ಗೊತ್ತಿರಲಿ. ಕೋಸ್ಟ್ ಗಾರ್ಡಿನ 1554 ನಂಬರು ಮತ್ತು 108 ಬೋಟಿನ ಕ್ಯಾಬಿನ್ ಗೋಡೆಗೆ ಬಣ್ಣದಲ್ಲಿ ಬರೆದಿರಲಿ. ಬೋಟು ದಡ ಮುಟ್ಟುವ ಹೊತ್ತಿಗೆ ಆಂಬುಲೆನ್ಸ್ ಅಲ್ಲಿ ನಿಂತಿರಬೇಕು, ಬಂದ ಮೇಲೆ ಫೋನ್ ಮಾಡುವುದಲ್ಲ. ಇನ್ನು ಡಿಕಂಪ್ರೆಷನ್ ಕಾಯಿಲೆಗೆ ಒತ್ತಡದ ಕೋಣೆಯಲ್ಲಿಟ್ಟು ಆಮ್ಲಜನಕ ಕೊಡುವ ಚಿಕಿತ್ಸೆಯೇ ಬೇಕು. ಹತ್ತಿರದ ಯಾವ ಕೋಣೆಯವರು ರಾತ್ರಿ ಹೊತ್ತಿನಲ್ಲೂ ಡೈವರನ್ನು ತೆಗೆದುಕೊಳ್ಳುತ್ತಾರೆ, ಯಾರಿಗೆ ಫೋನ್ ಮಾಡಬೇಕು, ನೌಕಾಪಡೆಯ ನೆರವು ಕೇಳುವುದು ಹೇಗೆ, ಇದನ್ನು ಜಿಲ್ಲಾಡಳಿತವೇ ವಿಚಾರಿಸಿ ಒಂದು ಹಾಳೆಯಲ್ಲಿ ಬರೆದು ಎಲ್ಲಾ ಸಂಸ್ಥೆಗಳಿಗೂ ಕೊಡಬೇಕು. ಖಾಸಗಿಯವರು ಕೇಳಿದರೆ ನೌಕಾಪಡೆಯ ಗೇಟಿನಲ್ಲೇ ನಿಲ್ಲಿಸುತ್ತಾರೆ. ಜಿಲ್ಲಾಧಿಕಾರಿಗಳ ಒಂದು ಪತ್ರಕ್ಕೆ ಬಾಗಿಲು ತೆರೆಯುತ್ತದೆ.

ಸಣ್ಣಪುಟ್ಟ ಗಾಯಗಳ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ. ತೊರಕೆ ಮೀನಿನ ಮುಳ್ಳೋ ಲಯನ್‌ಫಿಶ್ ಮುಳ್ಳೋ ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ, ಅಂದರೆ 45 ಡಿಗ್ರಿ ಹತ್ತಿರ, ಕೈಯನ್ನೋ ಕಾಲನ್ನೋ ಮುಳುಗಿಸಿಡಬೇಕು. ಚಹಾದ ಫ್ಲಾಸ್ಕಿನ ಪಕ್ಕ ಬಿಸಿನೀರಿನ ಫ್ಲಾಸ್ಕೂ ಒಂದು ಇದ್ದರೆ ಆಯಿತು. ಮುಳುಗಿ ನೀರು ಕುಡಿದು ಆಮೇಲೆ ಸುಧಾರಿಸಿಕೊಂಡವರು 'ನಾನು ಆರಾಮಿದ್ದೇನೆ' ಅಂದರೂ ಆಸ್ಪತ್ರೆಗೆ ಕಳುಹಿಸಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟು ಜೋರಾಗಬಹುದು.

ಖರ್ಚಿನ ಮಾತು ಬರುತ್ತದೆ, ಗೊತ್ತು. ಬೊಂಬೆಗಳು ಬೇಕು, ಕಲಿಸುವವರು ಬೇಕು, ಒಂದು ಸಭಾಭವನ ಬೇಕು. ರೆಡ್ ಕ್ರಾಸ್ ಇದೆ, ಸೇಂಟ್ ಜಾನ್ ಆಂಬುಲೆನ್ಸ್ ಇದೆ, ನಮ್ಮ ಜಿಲ್ಲೆಯ ಸರ್ಕಾರಿ ವೈದ್ಯರಿದ್ದಾರೆ. ಡೈವಿಂಗ್ ಭಾಗವನ್ನು ಕನ್ನಡದಲ್ಲಿ ಹೇಳಿಕೊಡಲು ನಾವು ಕೆಲವು ಡೈವರ್‌ಗಳು ರಜಾ ಹಾಕಿ ಬರುತ್ತೇವೆ, ಸಂಬಳ ಬೇಡ. ಕೊಂಕಣಿಯಲ್ಲಿ ಹೇಳಬೇಕು ಅಂದರೆ ಅದಕ್ಕೂ ಜನ ಇದ್ದಾರೆ. ಮಳೆಗಾಲದಲ್ಲಿ ಬೋಟುಗಳು ದಡದಲ್ಲೇ ಇರುತ್ತವೆ, ಹುಡುಗರಿಗೆ ಬಿಡುವು. ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರ್ ಮೊದಲಲ್ಲೋ ಎರಡು ದಿನ ಇಟ್ಟುಕೊಳ್ಳೋಣ: ಮೊದಲ ದಿನ ಸಭಾಭವನದಲ್ಲಿ ಬೊಂಬೆಯ ಮೇಲೆ, ಎರಡನೇ ದಿನ ನಿಲ್ಲಿಸಿದ ಬೋಟಿನ ಮೇಲೆಯೇ, ಒದ್ದೆ ಹಲಗೆಯ ಮೇಲೆ. ಎರಡು ವರ್ಷಕ್ಕೊಮ್ಮೆ ಮತ್ತೆ ಕಲಿಸಬೇಕು, ಕೈ ಮರೆಯುತ್ತದೆ. ಆ ಎರಡು ದಿನದ ಕೂಲಿಯನ್ನು ಮಾಲೀಕರು ಕಟ್ ಮಾಡಬಾರದು, ಇದನ್ನು ಆದೇಶದಲ್ಲೇ ಬರೆಯಿರಿ.

ಮಾಲೀಕರಿಗೆ ಒಂದು ಮಾತು. ಈ ನಿಯಮ ಬಂದರೆ ತಲೆನೋವು ಅಂದುಕೊಳ್ಳಬೇಡಿ. ನಿಮ್ಮಲ್ಲಿ ಕೆಲವರು ಈಗಾಗಲೇ ಚೆನ್ನಾಗಿ ನಡೆಸುತ್ತಿದ್ದೀರಿ, ಸಿಬ್ಬಂದಿಗೆ ನಿಮ್ಮ ಕೈಯಿಂದಲೇ ಖರ್ಚು ಹಾಕಿ ಕಲಿಸಿದವರೂ ಇದ್ದೀರಿ. ಕಡಿಮೆ ರೇಟಿಗೆ, ಏನೂ ಇಲ್ಲದೆ ಬೋಟು ಬಿಡುವವರ ಜೊತೆ ನೀವು ಪೈಪೋಟಿ ಮಾಡಬೇಕಾಗಿ ಬಂದಿದೆ. ನಿಯಮ ಎಲ್ಲರಿಗೂ ಒಂದೇ ಆದರೆ ಲಾಭ ನಿಮಗೇ.

ಡೈವರ್‌ಗಳು, ಪ್ರವಾಸಿಗರು ಮಾಡಬೇಕಾದದ್ದು ಇಷ್ಟೇ. ಬುಕ್ ಮಾಡುವಾಗ ಗೋಪ್ರೋ ವಿಡಿಯೋ ಫ್ರೀನಾ ಅಂತ ಕೇಳುತ್ತೀರಲ್ಲ, ಜೊತೆಗೇ ಇನ್ನೊಂದು ಕೇಳಿ: ಬೋಟಿನಲ್ಲಿ ಎಷ್ಟು ಜನರಿಗೆ ಸಿಪಿಆರ್ ಬರುತ್ತದೆ? ಆಕ್ಸಿಜನ್ ಎಷ್ಟು ನಿಮಿಷಕ್ಕಿದೆ? ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ರೆಡಿ ಇರುತ್ತದೆ.

ಜಿಲ್ಲಾಧಿಕಾರಿಗಳೇ, ದಿನಾಂಕ ನೀವು ಹೇಳಿ. ಜಾಗ ಮುರುಡೇಶ್ವರದಲ್ಲೇ ಆದರೆ ಒಳ್ಳೆಯದು, ಭಟ್ಕಳಕ್ಕೆ ಕರೆದರೆ ಅರ್ಧ ಜನ ಬರಲ್ಲ. ಬೊಂಬೆ ಹೊತ್ತು ತರುವ ಜವಾಬ್ದಾರಿ ನಮ್ಮದು. ಮಧ್ಯಾಹ್ನದ ಊಟ ಇಲಾಖೆಯದು, ಮೀನು ಇರಲಿ.

ಇಂತಿ,
ನೇತ್ರಾಣಿಗೆ ಹೋಗಿಬರುವ ಒಬ್ಬ ಡೈವರ್
ಕುಮಟಾ / ಬೆಂಗಳೂರು